ಕೊರಲಿ ಬಿತ್ತಿದ ಪೆಟ್ಟಿಗೆ

ಹೋದ ತಿಂಗಳು ನಮ್ಮ ಶಾಲೆಯ ಹಿಂಬದಿಯಲ್ಲಿ ಮರಗೆಲಸದ ಆಶಾರಿಯೊಬ್ಬರು ಸೈಪ್ರಸ್ ಹಲಗೆ ಕೊಯ್ಯುತ್ತಿದ್ದರು. ನಾನು ಗೂಡಲೂರಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ಕಿಟಕಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದಾಗ ಗಾಳಿ ತಿರುಗಿ, ಹಸಿ ಹಲಗೆಯ ವಾಸನೆ ತರಗತಿಯೊಳಗೆ ಬಂತು. ಆ ವಾಸನೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಅರಿಯದವರಿಗೆ ಎಷ್ಟು ಹೇಳಿದರೂ ಸಾಲದು. ನಿಂಬೆಯ ಸಿಪ್ಪೆ ಹಿಂಡಿದ ಹಾಗೆ ಮೊದಲು ಮೂಗಿಗೆ ಚುರ್ರೆನ್ನುತ್ತದೆ. ಆಮೇಲೆ ಅದರ ಹಿಂದಿನಿಂದ, ಮಳೆಯಲ್ಲಿ ನೆನೆದ ಕಂಬಳಿಯಂಥ ಭಾರವಾದದ್ದೊಂದು ಬಂದು ಎದೆಯಲ್ಲಿ ಕೂತುಬಿಡುತ್ತದೆ. ನನ್ನ ಕೈಯ ಸೀಮೆಸುಣ್ಣ ನಿಂತಿತು. ಮಕ್ಕಳು ತರಕಾರಿ ಬೆಳೆಯಲೆಂದು ನೆಲದಿಂದ ಎತ್ತರಿಸಿದ ಮರದ ಮಡಿಗಳನ್ನು ಮಾಡಿಸುತ್ತಿದ್ದೇವೆ, ನಾಲ್ಕೂ ಕಡೆ ಹಲಗೆ ಹೊಡೆದು ಒಳಗೆ ಮಣ್ಣು ತುಂಬುತ್ತೇವೆ ಎಂದು ನಾನೇ ಅವರಿಗೆ ಹೇಳಿದ್ದೆ. "ಮಣ್ಣಿಗೂ ಪೆಟ್ಟಿಗೆಯಾ ಟೀಚರ್?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿ ಎಲ್ಲರನ್ನೂ ನಗಿಸಿದಳು. ನಾನೂ ನಗಬೇಕಾಗಿತ್ತು, ಆಗಲಿಲ್ಲ. ಇಲ್ಲಿಂದ ಬಸ್ಸಿನಲ್ಲಿ ಮೂರು ತಾಸಿನ ದಾರಿಯಾಚೆ, ಒಂದು ಹಟ್ಟಿಯ ಅಂಗಳದಲ್ಲಿ ಇಂಥವೇ ಮೂರು ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಮೂರನೆಯದರ ಕತೆಯನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಹಟ್ಟಿ ಕುನ್ನೂರಿನ ಹತ್ತಿರ, ಹುಬ್ಬತಲೈಯ ಆಚೆ ಬದಿಯಲ್ಲಿ, ಗುಡ್ಡದ ನೆತ್ತಿಯಿಂದ ಸ್ವಲ್ಪ ಕೆಳಗಿತ್ತು. ಒಂದರ ಗೋಡೆಗೆ ಇನ್ನೊಂದರ ಗೋಡೆ ಅಂಟಿದ ಹನ್ನೊಂದು ಹೆಂಚಿನ ಮನೆಗಳು, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಅಂಗಳ, ಅಂಗಳ ಮುಗಿದ ಕಡೆಯೇ ಟೀ. ಬಾಗಿಲು ತೆರೆದರೆ ಟೀ, ಹಿತ್ತಿಲಿಗೆ ಹೋದರೆ ಟೀ. ತಾತನ ಕಾಲದಲ್ಲಿ ಆ ಇಳಿಜಾರಿನಲ್ಲೆಲ್ಲ ಆಲೂಗೆಡ್ಡೆ, ಸಾಮೆ, ಕೊರಲಿ ಬೆಳೆಯುತ್ತಿದ್ದವಂತೆ. ನಾನು ಕಣ್ಣು ಬಿಡುವ ಹೊತ್ತಿಗೆ ಅಪ್ಪ ಎಲ್ಲಕ್ಕೂ ಟೀ ನೆಟ್ಟು ಮುಗಿಸಿದ್ದ. ಎಮ್ಮೆಗಳನ್ನೂ ಕೊಟ್ಟಾಗಿತ್ತು, ಖಾಲಿ ಕೊಟ್ಟಿಗೆಯಲ್ಲಿ ಗೊಬ್ಬರದ ಮೂಟೆಗಳಿದ್ದವು. ನನ್ನನ್ನು ಹೆತ್ತ ಅವ್ವೆ ನಾನು ನಡೆಯಲು ಕಲಿಯುವ ಮುಂಚೆಯೇ ತೀರಿಕೊಂಡಳು. ಜಗಳ ಬಂದಾಗ ಹಟ್ಟಿಯ ಕೆಲವು ಹೆಂಗಸರು ನನ್ನನ್ನು ತಾಯಿಯ ತಿಂದ ಕೂಸು ಎನ್ನುತ್ತಿದ್ದರು. ಹೀಗಾಗಿ ಮನೆಯಲ್ಲಿ ನಾನು, ಅಪ್ಪ, ಅಪ್ಪನ ತಾಯಿ ಹೆತ್ತೆ. ನಮ್ಮ ಬಡಗ ಮಾತಿನಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತೇವೆ. ಸಣ್ಣ ಮೈ, ದೊಡ್ಡ ದನಿ, ಹಣೆಯ ಮೇಲೆ ಹಚ್ಚೆಯ ಚುಕ್ಕಿಗಳು. ಬಿಳಿ ಬಟ್ಟೆ ಸುತ್ತಿಕೊಂಡು ಜಗಲಿಯಲ್ಲಿ ಕೂತರೆ ಹಟ್ಟಿಯ ನಾಯಿಗಳೂ ದಾರಿ ಬದಲಿಸುತ್ತಿದ್ದವು. ನನಗೆ ಮಾತ್ರ ಅವಳ ಮಡಿಲು ಯಾವಾಗಲೂ ತೆರೆದೇ ಇರುತ್ತಿತ್ತು.

ನನಗೆ ಎಂಟು ವರ್ಷವಾಗಿದ್ದಾಗ ಮಾಮಿ ಬಂದಳು. ಮಾಮಿ ಎಂದರೆ ಅಪ್ಪನ ಅಕ್ಕ. ಗಂಡನ ಮನೆಯನ್ನು ಬಿಟ್ಟು, ಎರಡು ಸೀರೆ, ಒಂದು ಸ್ವೆಟರ್, ಒಂದು ಸುತ್ತಿಗೆ ಇದ್ದ ಗಂಟನ್ನು ಹಿಡಿದು ಮಧ್ಯಾಹ್ನದ ಬಸ್ಸಿನಲ್ಲಿ ಇಳಿದಳು. ಹೀಗೆ ತಿರುಗಿ ಬರುವುದು ನಮ್ಮವರಲ್ಲಿ ದೊಡ್ಡ ಅವಮಾನವೇನಲ್ಲ. ಏಕೆ ಬಂದಳೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬಾಯಿಮುಚ್ಚಿಕೊಂಡು ಎಲ್ಲರೂ ಕೇಳಿದರು. ಅವಳ ಗಂಡ ಒಂದು ಟೀ ಫ್ಯಾಕ್ಟರಿಯಲ್ಲಿ ಚಹಾಪುಡಿ ತುಂಬುವ ಮರದ ಪೆಟ್ಟಿಗೆಗಳನ್ನು ಹೊಡೆಯುತ್ತಿದ್ದನಂತೆ. ಕಾಗದದ ಚೀಲಗಳು ಬಂದ ಮೇಲೆ ಆ ಕೆಲಸ ಹೋಯಿತು, ಕೆಲಸ ಹೋದ ಮೇಲೆ ಅವನ ಕೈ ಬೇರೆ ಕಡೆ ಬೀಸತೊಡಗಿತು. ಇಷ್ಟು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿದದ್ದು. ಅವನಿಂದ ಅವಳು ಕಲಿತು ಬಂದದ್ದು ಒಂದೇ: ಮೊಳೆಯನ್ನು ಎರಡೇ ಏಟಿಗೆ ಇಳಿಸುವುದು. ಸುತ್ತಿಗೆಯನ್ನೂ ಅವನದನ್ನೇ ಎತ್ತಿಕೊಂಡು ಬಂದಿದ್ದಳು. ಹೆತ್ತೆ ಗಂಟು ಬಿಚ್ಚಿ ನೋಡಿ, ಒಡವೆಯ ಬಿಟ್ಟು ಇದನ್ನೇನು ತಂದೆ ಎಂದು ಕೇಳಿದಾಗ ಮಾಮಿ ನಕ್ಕಳು. ಆ ನಗು ಅವಳ ಮುಖದ ಒಂದೇ ಬದಿಯಲ್ಲಿ ಬರುತ್ತಿತ್ತು.

ಬಂದ ಮೂರನೇ ವಾರಕ್ಕೆ ಅವಳು ಅಪ್ಪನ ಹತ್ತಿರ ಒಂದು ತುಂಡು ನೆಲ ಕೇಳಿದಳು. ಬರೆದುಕೊಡು ಎಂದಲ್ಲ, ಸೊಪ್ಪು ಬೆಳೆದುಕೊಳ್ಳುವುದಕ್ಕೆ, ನಾಲ್ಕು ಹೆಜ್ಜೆಯಷ್ಟು. ಅಪ್ಪ ಕೆಟ್ಟವನಲ್ಲ, ಆದರೆ ಟೀ ಗಿಡವನ್ನು ಮಕ್ಕಳ ಹಾಗೆ ಎಣಿಸುವವನು. "ಟೀ ಕಿತ್ತು ಸೊಪ್ಪ ಬಿತ್ತೋದಾ ಅಕ್ಕ? ಕೇಳಿದವ ನಕ್ಕಾನು" ಎಂದ. ಮಾಮಿ, "ನೆಲ ನಿಂಗಳದು. ಗಾಳಿ ಯಾರದೂ ಅಲ್ಲ ಅಲ್ಲವಾ? ಎನ್ನ ಮಣ್ಣ ನಾ ಗಾಳಿಲಿ ಇಡುವೆ" ಎಂದಳು. ಇದೇನು ಒಗಟು ಎಂದು ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಆ ವರ್ಷ ಮಳೆಗೆ ರಸ್ತೆಯ ಬದಿಯ ನಮ್ಮ ಸೈಪ್ರಸ್ ಮರವೊಂದು ಬುಡಸಹಿತ ಉರುಳಿತು. ಕುನ್ನೂರಿನ ಮಿಲ್ಲಿನಿಂದ ಹಲಗೆಯಾಗಿ ಬಂದದ್ದರಲ್ಲಿ ಒಳ್ಳೆಯವು ಮನೆಯ ಅಟ್ಟಕ್ಕೆ ಹೋದವು. ಗಂಟು ಗಂಟಾದವೂ ಅಂಚಿನಲ್ಲಿ ತೊಗಟೆ ಉಳಿದವೂ ಮಾಮಿಯ ಪಾಲಿಗೆ ಬಂದವು.

ಅವಳು ಆ ಪೆಟ್ಟಿಗೆಗಳನ್ನು ಮಾಡಿದ ದಿನಗಳು ನನಗೆ ಮರೆಯುವಂಥವಲ್ಲ. ಅಳತೆಗೆ ಅವಳು ಟೇಪು ಹಿಡಿಯಲಿಲ್ಲ. ಉದ್ದ ಅವಳ ಎರಡು ಮಾರು. ಅಗಲ ಎಷ್ಟೆಂದರೆ, ಒಂದು ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರೆ ಬೆರಳು ನಟ್ಟನಡುವಿಗೆ ಮುಟ್ಟಬೇಕು, ಅದಕ್ಕಿಂತ ಹೆಚ್ಚಿಲ್ಲ. ಹೆಚ್ಚಾದರೆ ಮಣ್ಣು ತುಳಿಯಬೇಕಾಗುತ್ತದೆ, ತುಳಿದ ಮಣ್ಣು ಉಸಿರಾಡುವುದಿಲ್ಲ ಎನ್ನುತ್ತಿದ್ದಳು. ಎತ್ತರ ಅವಳ ಮೊಣಕಾಲು. ನಾಲ್ಕು ಮೂಲೆಯ ಗೂಟಗಳನ್ನು ಒಲೆಯಲ್ಲಿಟ್ಟು, ಮಣ್ಣಿಗೆ ಇಳಿಯುವ ತುದಿ ಕಪ್ಪಾಗುವವರೆಗೆ ತಿರುಗಿಸಿ ತಿರುಗಿಸಿ ಸುಟ್ಟಳು. ಏಕೆಂದು ಕೇಳಿದರೆ, "ಒಮ್ಮೆ ಕಾಲ ಸುಟ್ಟುಕೊಂಡದ್ದು ಬೇಗ ಕೊಳೆಯದು ಕೂಸು" ಎಂದಳು. ಹಳೆಯ ಟೀ ಪೆಟ್ಟಿಗೆಗಳ ಅಂಚಿನ ತಗಡಿನ ಪಟ್ಟಿಗಳನ್ನು ಬಿಡಿಸಿ ಮೂಲೆಗಳಿಗೆ ಹೊಡೆದಳು. ಬಾಯಿಯ ಒಂದು ಕೊನೆಯಲ್ಲಿ ಮೊಳೆಗಳು, ಇನ್ನೊಂದು ಕೊನೆಯಲ್ಲಿ ಮಾತು. ಎರಡು ಏಟಿಗೆ ಒಂದು ಮೊಳೆ, ಎಣಿಸಿದಂತೆ. ಡೊಂಕಾದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವ ಕೆಲಸ ನನ್ನದು. ನನ್ನ ಹೆಬ್ಬೆರಳಿನ ಉಗುರು ಆ ವಾರವೆಲ್ಲ ನೀಲಿಯಾಗಿತ್ತು, ನಾನು ಅದನ್ನು ಶಾಲೆಯಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ.

ತುಂಬುವುದೂ ಒಂದು ಹಬ್ಬದಂತೆ ನಡೆಯಿತು. ಅಡಿಗೆ ಕಲ್ಲು, ಅದರ ಮೇಲೆ ಟೀ ಗಿಡಗಳನ್ನು ಕತ್ತರಿಸಿ ತಗ್ಗಿಸುವಾಗ ಬಿದ್ದ ಕಡ್ಡಿಗಳು, ಅದರ ಮೇಲೆ ಒಣ ಎಲೆ, ಒಲೆಯ ಬೂದಿ. ಮೇಲಿನ ಮಣ್ಣಿಗೆ ಮಾತ್ರ ಅವಳು ಟೀ ಹೊಲದ ಕಡೆ ತಿರುಗಿಯೂ ನೋಡಲಿಲ್ಲ. ಅದು ಹುಳಿ ಮಣ್ಣು ಎಂದಳು. ಎಮ್ಮೆ ಕೊಟ್ಟಿಗೆಯ ನೆಲವನ್ನು ಅಗೆದಳು. ಮೂರು ತಲೆಮಾರಿನ ಎಮ್ಮೆಗಳು ಮಲಗಿ, ಉಚ್ಚೆ ಹೊಯ್ದು, ಮೆಲುಕು ಹಾಕಿದ ಆ ನೆಲ ಒಳಗೆ ಕಾಡಿಗೆಯಂತೆ ಕಪ್ಪಗಿತ್ತು. ಬುಟ್ಟಿ ಬುಟ್ಟಿಯಾಗಿ ನಾವಿಬ್ಬರೂ ಹೊತ್ತೆವು. ಎಮ್ಮೆಗಳು ಹೋಗಿ ಅಷ್ಟು ವರ್ಷಗಳಾಗಿದ್ದರೂ ಅವುಗಳ ಬೆಚ್ಚನೆಯ ವಾಸನೆ ಅಂಗಳದ ತುಂಬ ಹರಡಿತು. ಹೆತ್ತೆ ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದು, "ಪೆಟ್ಟಿಗೆಲಿ ಇಟ್ಟದ್ದು ಮಣ್ಣಲ್ಲ, ಸಾಮಾನು" ಎಂದು ತೀರ್ಪು ಕೊಟ್ಟಳು. ಮೂರು ತಿಂಗಳಲ್ಲಿ ಆ ಸಾಮಾನಿನಿಂದ ಬೆಳ್ಳುಳ್ಳಿ, ಬೀನ್ಸು, ಕೀರೆ ಸೊಪ್ಪು ಬಂದಾಗ ಮೊದಲು ತಟ್ಟೆ ಹಿಡಿದವಳೂ ಅವಳೇ. ಮಾಮಿ ಬೆಳ್ಳುಳ್ಳಿಯನ್ನು ಹೆಣೆದು ಕುನ್ನೂರಿನ ಮಾರ್ಕೆಟ್ಟಿಗೂ ಒಯ್ಯತೊಡಗಿದಳು. ಅವಳ ಕಣ್ಣಲ್ಲಿ ಆಗ ಒಂದು ಬೆಳಕಿತ್ತು. ಆ ಬೆಳಕನ್ನು ಆರಿಸಿದವಳು ನಾನು.

ಹೆತ್ತೆಯ ಹಾಸಿಗೆಯ ತಲೆದಿಕ್ಕಿನಲ್ಲಿ, ಗೋಡೆಯ ಗೂಡಿನೊಳಗೆ ಒಂದು ಒಣಗಿದ ಸೋರೆಬುರುಡೆ ಇತ್ತು. ಅದರೊಳಗೆ ಬೂದಿ ಬೆರೆಸಿದ ಎರಡು ಹಿಡಿ ಕೊರಲಿ. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಈ ಧಾನ್ಯವೇ ನಮ್ಮವರ ಹಳೆಯ ಅನ್ನ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಹೊದಿಸಿದ ಬಟ್ಟೆಯ ಅಂಚಿಗೆ ಒಂದು ಹಿಡಿ ಧಾನ್ಯ ಕಟ್ಟಿ ಕಳಿಸುತ್ತಾರೆ, ದಾರಿಯ ಬುತ್ತಿಯೆಂದು. ಹೆತ್ತೆಯ ಛಲವೆಂದರೆ, ತನ್ನ ಬುತ್ತಿ ತನ್ನ ನೆಲದಲ್ಲಿ ಬೆಳೆದ ಕೊರಲಿಯೇ ಆಗಿರಬೇಕು. ಅದಕ್ಕೆಂದೇ ಕೊಟ್ಟಿಗೆಯ ಹಿಂದಿನ ಒಂದು ಚೂರು ಜಾಗದಲ್ಲಿ ಅವಳು ಎರಡು ವರ್ಷಕ್ಕೊಮ್ಮೆ ಬಿತ್ತಿ ಬೀಜ ಹೊಸದು ಮಾಡಿಕೊಳ್ಳುತ್ತಿದ್ದಳಂತೆ. ಸೊಂಟ ಬಿದ್ದ ಮೇಲೆ ಅಪ್ಪ ಆ ಚೂರಿಗೂ ಟೀ ನೆಟ್ಟ. ಉಳಿದದ್ದು ಬುರುಡೆಯಲ್ಲಿದ್ದಷ್ಟೇ. ನನಗೆ ಹತ್ತು ವರ್ಷವಾದಾಗ ಇಲಿ ಬುರುಡೆಯನ್ನು ಕೊರೆದು ಅರ್ಧ ತಿಂದಿತು. ಒಂದು ಹಿಡಿ ಉಳಿಯಿತು. ಆಗ ಮಾಮಿ ಬೆನ್ನು ಹತ್ತಿದಳು. "ಎನಗ ಕೊಡು ಅವ್ವೆ. ಮೂರನೇ ಪೆಟ್ಟಿಗೆಲಿ ಬೆಳ್ಳುಳ್ಳಿ ಬೇಡ. ಒಂದು ಹಿಡಿಗ ನಾಲ್ಕು ಹಿಡಿ ಕೊಡುವೆ. ನಿನಗ ಒಂದು, ಎನಗ ಒಂದು, ಮನೆಗ ಎರಡು." ಹೆತ್ತೆ ಒಂದು ತಿಂಗಳು ಒಪ್ಪಲಿಲ್ಲ. ಕೊನೆಗೆ ಒಂದು ದಿನ ಬೆಳಿಗ್ಗೆ ತಾನೇ ಬುರುಡೆಯನ್ನು ಎತ್ತಿಕೊಂಡು ಬಂದು, "ಎನ್ನ ಬುತ್ತಿಯ ಎನ್ನ ಕಣ್ಣ ಮುಂದೆ ಬಿತ್ತು" ಎಂದಳು. ಒಂದು ಕಾಳೂ ಹಿಂದಿಟ್ಟುಕೊಳ್ಳಲಿಲ್ಲ. ಬಿತ್ತುವಾಗ ಕೈ ಹಿಡಿಯಬಾರದು ಎಂಬುದು ಅವಳ ನಂಬಿಕೆ.

ನಾನು ಟೀ ಹಟ್ಟಿಯ ಕೂಸು. ಅಪ್ಪ ನನಗೆ ಕಲಿಸಿದ ಒಂದೇ ಬೇಸಾಯವೆಂದರೆ ಟೀ ಬುಡದಲ್ಲಿ ಹುಲ್ಲು ಕಂಡರೆ ಬಿಡಬಾರದು, ಬೇರುಸಹಿತ ಕಿತ್ತು, ಬೇರು ಮೇಲಾಗಿ ಬಿಸಿಲಿಗೆ ಇಡಬೇಕು, ಇಲ್ಲವಾದರೆ ಮತ್ತೆ ಕಚ್ಚಿಕೊಳ್ಳುತ್ತದೆ ಎಂಬುದು. ಅದರಲ್ಲಿ ನಾನು ಗಟ್ಟಿಗಿತ್ತಿ. ಮೂರನೇ ಪೆಟ್ಟಿಗೆಯಲ್ಲಿ ಕೊರಲಿ ಬಿತ್ತಿದ್ದಾರೆಂದು ನನಗೆ ಗೊತ್ತಿತ್ತು. ಕೊರಲಿಯ ಗಿಡ ಹೇಗಿರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ, ಏಕೆಂದರೆ ಕೊರಲಿಯನ್ನು ಅರಿಯದ ಮನುಷ್ಯರೂ ಹುಟ್ಟಿದ್ದಾರೆಂಬುದು ಆ ಇಬ್ಬರು ಹೆಂಗಸರ ತಲೆಗೆ ಹೊಳೆಯಲಿಲ್ಲ. ಒಂದು ಶನಿವಾರ ಶಾಲೆಗೆ ರಜೆ. ಮಾಮಿ ಮಾರ್ಕೆಟ್ಟಿಗೆ ಹೋಗಿದ್ದಳು, ಅಪ್ಪ ಟೀ ಹೊಲದಲ್ಲಿದ್ದ, ಹೆತ್ತೆ ಒಳಗೆ ಜ್ವರದಿಂದ ಮಲಗಿದ್ದಳು. ಪೆಟ್ಟಿಗೆಯಲ್ಲಿ ಒಂದು ಗೇಣು ಎತ್ತರದ ಹುಲ್ಲು ಒತ್ತಾಗಿ ಎದ್ದಿತ್ತು. ಪಾಪ, ಮಾಮಿಗೆ ಪುರುಸೊತ್ತಿಲ್ಲ, ನಾನೇ ತೆಗೆದುಬಿಡುತ್ತೇನೆ ಎಂದುಕೊಂಡೆ. ಒಂದು ಕೊನೆಯಿಂದ ಹಿಡಿದು ಕೀಳುತ್ತ ಹೋದೆ. ಹುಲ್ಲಿನ ಅಡಿಯಲ್ಲೆಲ್ಲೋ ಕೊರಲಿ ಇದೆ, ಹುಲ್ಲು ತೆಗೆದರೆ ಕಾಣುತ್ತದೆ ಎಂದು ಕೊನೆಯ ಗಿಡದವರೆಗೂ ಹುಡುಕಿದೆ. ಕಿತ್ತದ್ದನ್ನೆಲ್ಲ ಹಲಗೆಯ ಅಂಚಿನ ಮೇಲೆ ಬೇರು ಮೇಲಾಗಿ ಸಾಲಾಗಿ ಜೋಡಿಸಿದೆ. ಅಂದು ಮಂಜಿಲ್ಲದ ದಿನ, ಒಳ್ಳೆಯ ಬಿಸಿಲಿತ್ತು.

ಮಾಮಿ ಮೂರು ಗಂಟೆಯ ಬಸ್ಸಿಗೆ ಬಂದಳು. ಚೀಲವನ್ನು ಕೈಯಲ್ಲಿ ಹಿಡಿದೇ ಪೆಟ್ಟಿಗೆಯ ಮುಂದೆ ನಿಂತಳು. ನಾನು ಹೊಗಳಿಕೆಗಾಗಿ ಕಾಯುತ್ತ ಪಕ್ಕದಲ್ಲಿ ನಿಂತಿದ್ದೆ. "ಕೊರಲಿ ಎಲ್ಲಿ ಕೂಸು?" ಎಂದು ಕೇಳಿದಳು, ಬಹಳ ಮೆಲ್ಲಗೆ. "ಸಿಕ್ಕಲಿಲ್ಲೆ ಮಾಮಿ. ಹುಲ್ಲ ಎಲ್ಲ ತೆಗೆದೆ. ಅಡಿಲಿ ಕೊರಲಿ ಇಲ್ಲೆ" ಎಂದೆ. ಅವಳು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು, ಬೆರಳುಗಳು ಹಸಿರಾಗಿದ್ದವು. ಆಗ ಅವಳ ಮುಖ ನೋಡಿ ನನಗೆ ತಿಳಿಯಿತು. ಇಬ್ಬರೂ ಕೂತು, ಬಾಡಿ ಸುರುಳಿಯಾಗಿದ್ದ ಪೈರನ್ನು ಒಂದೊಂದಾಗಿ ಮತ್ತೆ ಊರಿದೆವು. ಕಡ್ಡಿಯಿಂದ ತೂತು ಮಾಡುವುದು ಅವಳು, ಬೇರು ಇಳಿಸುವುದು ನಾನು. ಸಂಜೆಯವರೆಗೂ ಊರಿ, ನೀರು ಹಾಕಿ, ಗೋಣಿ ಹೊದಿಸಿದೆವು. ಮೂರು ದಿನ ನಾನು ಶಾಲೆಯಲ್ಲೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಒಂದೇ ಒಂದು ಗಿಡ ಬದುಕಲಿ ಎಂದು ಎಲ್ಲ ದೇವರಿಗೂ ಹೇಳಿದೆ. ಒಂದೂ ಬದುಕಲಿಲ್ಲ.

ಜ್ವರ ಬಿಟ್ಟ ಮೇಲೆ ಹೆತ್ತೆ ಕೋಲೂರಿಕೊಂಡು ತನ್ನ ಬುತ್ತಿಯನ್ನು ನೋಡಲು ಅಂಗಳಕ್ಕೆ ಬಂದಳು. ಹಳದಿಯಾಗಿ ಮಲಗಿದ್ದ ಎಲೆಗಳನ್ನು ಕೋಲಿನ ತುದಿಯಿಂದ ಎತ್ತಿದಳು. ಬೇರು ಕಚ್ಚಿಲ್ಲವೆಂಬುದು ಆ ಕಣ್ಣಿಗೆ ಕ್ಷಣದಲ್ಲಿ ಗೊತ್ತಾಯಿತು. "ಯಾರು ಕಿತ್ತದು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಾಮಿ, "ನಾನೇ ಅವ್ವೆ. ಹುಲ್ಲು ಎಂದು ಎಣಿಸಿದೆ" ಎಂದಳು. ಅಷ್ಟು ಪೆದ್ದ ಸುಳ್ಳನ್ನು ಅವಳು ಬೇರೆ ಎಂದೂ ಹೇಳಿರಲಿಕ್ಕಿಲ್ಲ. ಹೆತ್ತೆ ಅವಳನ್ನು ಬಹಳ ಹೊತ್ತು ನೋಡಿದಳು. "ನೀ ಕೊರಲಿ ಹೊಲಲಿ ಹುಟ್ಟಿದವಳು. ತಿಳಿದ ಕೈ ಹಾಗೆ ಕೀಳದು. ಬೆಳ್ಳುಳ್ಳಿಗ ಜಾಗ ಬೇಕಾಯಿತು, ಎನ್ನ ಬುತ್ತಿಯ ಕಿತ್ತೆ." ಇಷ್ಟು ಹೇಳಿ ಒಳಗೆ ಹೋದಳು. ಮಾಮಿ ಕಣ್ತಪ್ಪಿನಿಂದ ಮಾಡಿದಳೆಂದು ನಂಬಿದ್ದರೆ ಹೆತ್ತೆ ಒಂದು ವಾರ ಕೂಗಾಡಿ ಸುಮ್ಮನಾಗುತ್ತಿದ್ದಳು. ಬೇಕೆಂದೇ ಮಾಡಿದಳೆಂದು ನಂಬಿದ್ದರಿಂದ ಕೂಗಾಡಲೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು ಎಂದು ಹಟ್ಟಿಯ ಹೆಂಗಸರು ಆಡಿಕೊಂಡರು. ನಾನು ಕೊಟ್ಟಿಗೆಯಲ್ಲಿ ಮಾಮಿಯನ್ನು ಹಿಡಿದುಕೊಂಡು ಅತ್ತು, ಹೆತ್ತೆಗೆ ನಿಜ ಹೇಳುತ್ತೇನೆಂದೆ. "ಬೇಡ. ತಾಯಿಯ ತಿಂದದ್ದು ಎಂದವರು ನಾಳೆ ಹೆತ್ತೆಯ ಬುತ್ತಿಯನ್ನೂ ತಿಂದದ್ದು ಎಂದಾರು. ಎನಗ ಅಂಟಿದ್ದು ಬೇಕಾದಷ್ಟು ಇದೆ. ಇನ್ನೊಂದು ಭಾರ ಆಗದು" ಎಂದಳು. ನನಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂದಿನಿಂದ ಹೆತ್ತೆ ಮಾಮಿಯ ಜೊತೆ ಮಾತು ಬಿಟ್ಟಳು. ಒಂದೇ ಒಲೆ, ಒಂದೇ ಸೂರು. ಗಂಜಿ ಕುಡಿಸುವವಳು ಮಾಮಿ, ಕಾಲಿಗೆ ಎಣ್ಣೆ ತಿಕ್ಕುವವಳು ಮಾಮಿ. ಆದರೆ ಗಂಜಿಗೆ ಉಪ್ಪು ಕಡಿಮೆಯಾದರೆ ಹೆತ್ತೆ ನನ್ನ ಕಡೆ ತಿರುಗಿ, "ಉಪ್ಪು ಇಲ್ಲೆ ಎಂದು ಅವಳಿಗ ಹೇಳು" ಎನ್ನುತ್ತಿದ್ದಳು. ಒಂದು ಕೈಯಳತೆಯಲ್ಲಿ ಕೂತಿದ್ದವಳಿಗೆ ನಾನು ಅದನ್ನು ತಿರುಗಿ ಹೇಳಬೇಕು. ಮಾಮಿಯ ಉತ್ತರವನ್ನೂ ನಾನೇ ಒಪ್ಪಿಸಬೇಕು. ಎರಡು ವರ್ಷ ಹೀಗೆ ನಡೆಯಿತು. ಇಬ್ಬರ ನಡುವೆ ಎಷ್ಟೊಂದು ಮಾತುಗಳನ್ನು ಹೊತ್ತು ತಿರುಗಿದ ನನಗೆ ಹೇಳಬೇಕಾದ ಒಂದು ಮಾತನ್ನು ಹೇಳಲಾಗಲಿಲ್ಲ. ದಿನ ಕಳೆದಂತೆ ಅದು ದೊಡ್ಡದಾಗುತ್ತ ಹೋಯಿತು. ಒಂದು ಮಧ್ಯಾಹ್ನ, ಹೆತ್ತೆ ಹಾಸಿಗೆ ಹಿಡಿದ ಮೇಲೆ, ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡಳು. ಮಾಮಿ ನೀರಿಗೆ ಹೋಗಿದ್ದಳು. "ಕೂಸು, ಅಂದು ನೀ ಮನೆಲಿ ಇದ್ದೆ. ಅವಳು ಕಿತ್ತದ ನಿನ್ನ ಕಣ್ಣಲಿ ಕಂಡೆಯಾ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ಈಗ ನನಗೆ ಅನ್ನಿಸುತ್ತದೆ, ಅವಳು ಇಲ್ಲ ಎಂಬ ಉತ್ತರವನ್ನೇ ಬೇಡುತ್ತಿದ್ದಳು. ಮಗಳನ್ನು ಮತ್ತೆ ಹೆಸರು ಹಿಡಿದು ಕರೆಯಲು ಒಂದು ನೆಪ ಬೇಕಾಗಿತ್ತು ಅವಳಿಗೆ. ನನಗಾಗ ಹನ್ನೆರಡು ವರ್ಷ. ತಿಳಿಯದ ವಯಸ್ಸೇನಲ್ಲ. "ಕಂಡೆ" ಎಂದೆ. ಅವಳು ನನ್ನ ಕೈ ಬಿಟ್ಟು ಗೋಡೆಯ ಕಡೆ ಹೊರಳಿದಳು. ಪೈರು ಕಿತ್ತದ್ದು ಅರಿಯದೆ ಮಾಡಿದ್ದು. ಈ ಮಾತನ್ನು ಅರಿತೇ ಆಡಿದೆ.

ಹೆತ್ತೆ ಆ ವರ್ಷದ ಚಳಿಗೆ ಹೋದಳು. ಅಪ್ಪ ಕುನ್ನೂರಿಗೆ ಓಡಿ ಕೊರಲಿ ಹುಡುಕಿದ, ಸಿಗಲಿಲ್ಲ. ಅಂಗಡಿಯವನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ನವಣೆ ಕೊಟ್ಟು, ಎರಡೂ ಒಂದೇ ಜಾತಿ ಎಂದನಂತೆ. ಬುತ್ತಿ ಕಟ್ಟುವ ಕೆಲಸ ಮಗಳದು. ಮಾಮಿ ಆ ಹಳದಿ ಕಾಳನ್ನು ಬಟ್ಟೆಯ ಅಂಚಿಗೆ ಸುರಿದು, ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಮೊಳೆಯನ್ನು ಎರಡೇ ಏಟಿಗೆ ಇಳಿಸುವ ಕೈಗೆ ಆ ಗಂಟು ಒಮ್ಮೆಗೆ ಬರಲಿಲ್ಲ. "ಅವ್ವೆ, ಇದು ನಿನ್ನದಲ್ಲ, ಆದರೂ ಕೊಂಡೋಗು" ಎಂದು ಅವಳು ಕಿವಿಯ ಹತ್ತಿರ ಬಾಗಿ ಹೇಳಿದ್ದು ನನಗೆ ಕೇಳಿಸಿತು. ಎರಡು ವರ್ಷಗಳಲ್ಲಿ ಅವಳು ತಾಯಿಗೆ ನೇರವಾಗಿ ಆಡಿದ ಮಾತು ಅದೊಂದೇ. ನಾನು ಅಲ್ಲೇ ನಿಂತಿದ್ದೆ, ಆಗಲೂ ಬಾಯಿ ತೆರೆಯಲಿಲ್ಲ.

ಆಮೇಲೆ ಮಾಮಿ ಎರಡು ಪೆಟ್ಟಿಗೆಗಳಲ್ಲಿ ಸೊಪ್ಪು ತರಕಾರಿ ಬೆಳೆದಳು. ಮೂರನೆಯದಕ್ಕೆ ಏನನ್ನೂ ಹಾಕಲಿಲ್ಲ. ಅದರಲ್ಲಿ ತಾನಾಗಿ ಹುಲ್ಲು ಬಂತು, ನಿಜವಾದ ಹುಲ್ಲು. ಅದನ್ನು ಯಾರೂ ಕೀಳಲಿಲ್ಲ. ನಾನು ಹಾಸ್ಟೆಲ್ಲಿಗೆ ಹೋದೆ, ಟೀಚರ್ ಟ್ರೈನಿಂಗಿಗೆ ಹೋದೆ, ಗೂಡಲೂರಿಗೆ ಬಂದೆ. ರಜೆಗೆ ಹೋದಾಗಲೆಲ್ಲ ಆ ಮಾತನ್ನು ಎತ್ತಬೇಕೆಂದುಕೊಳ್ಳುತ್ತಿದ್ದೆ. ಹೆತ್ತೆ ನನ್ನನ್ನು ಕೇಳಿದ್ದು, ನಾನು ಕಂಡೆ ಎಂದದ್ದು ಮಾಮಿಗೆ ಗೊತ್ತೇ ಇರಲಿಲ್ಲ. ಒಮ್ಮೆ ಅಂಗಳದಲ್ಲಿ ಅವಳ ನರೆತ ತಲೆ ಬಾಚುತ್ತ, "ಮಾಮಿ, ಆ ಕೊರಲಿ…" ಎಂದು ಶುರು ಮಾಡಿದೆ. "ಅದು ತೀರಿತಲ್ಲ ಕೂಸು" ಎಂದು ಅವಳು ನನ್ನ ಮೊಣಕೈ ತಟ್ಟಿದಳು. ತೀರಿತೆಂದರೆ ನನಗೂ ಸುಲಭ. ಬಾಚುವುದನ್ನು ಮುಂದುವರಿಸಿದೆ. ಹಲಗೆಗಳು ಒಂದೊಂದಾಗಿ ಮೆತ್ತಗಾಗಿ ಹೊಟ್ಟೆ ಬಿಟ್ಟುಕೊಂಡವು, ಮಣ್ಣು ಅಂಗಳಕ್ಕೆ ಚೆಲ್ಲಿತು. ಅಪ್ಪ ಹೆಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದಾಗ ಉಳಿದದ್ದನ್ನು ಕಿತ್ತು ನೀರು ಕಾಯಿಸುವ ಒಲೆಗೆ ಹಾಕಿದರು. ಕಾಂಕ್ರೀಟು ಹಾಕಿದ ಆ ಅಂಗಳದಲ್ಲಿ ಈಗ ಬೈಕುಗಳು ನಿಲ್ಲುತ್ತವೆ. ನಿಮ್ಮೂರಿನ ಅಂಗಳಗಳೂ ಹೀಗೇ ಆಗಿದ್ದಾವು, ನಾನು ಹೇಳಬೇಕಿಲ್ಲ.

ಹೋದ ಮಳೆಗಾಲದಲ್ಲಿ ಮಾಮಿ ತೀರಿಕೊಂಡಳು. ನಾನು ಬಸ್ಸು ಹತ್ತಿ, ಮಂಜಿನಲ್ಲಿ ತೆವಳಿ ಹಟ್ಟಿ ಸೇರುವ ಹೊತ್ತಿಗೆ ಅವಳನ್ನು ಮಂಚದ ಮೇಲೆ ಮಲಗಿಸಿ ಊರಾಚೆಯ ಬಯಲಿಗೆ ತಂದಿದ್ದರು. ನಮ್ಮಲ್ಲಿ ಒಂದು ಪದ್ಧತಿಯಿದೆ. ಕೊನೆಗೆ ಕಳಿಸುವ ಮುನ್ನ ಹಿರಿಯರೊಬ್ಬರು ಮಂಚದ ಪಕ್ಕದಲ್ಲಿ ನಿಂತು, ಸತ್ತವರು ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಪ್ರತಿಯೊಂದಕ್ಕೂ ನೆರೆದವರೆಲ್ಲ ಒಂದೇ ದನಿಯಲ್ಲಿ ಪಾಪ ಎನ್ನಬೇಕು. ಹಾಗೆ ಎಲ್ಲರ ಬಾಯಲ್ಲಿ ಬಂದ ಪಾಪ ಸತ್ತವರನ್ನು ಬಿಟ್ಟು ಹೋಗುತ್ತದೆ. ಹಿಂದೆ ಒಂದು ಕರುವನ್ನು ತಂದು ಅದರ ಮೇಲೆ ಪಾಪವನ್ನು ದಾಟಿಸುತ್ತಿದ್ದರಂತೆ. ಈಗ ಹಟ್ಟಿಯಲ್ಲಿ ಕರುವಿಲ್ಲ, ಮಾತು ಮಾತ್ರ ಉಳಿದಿದೆ. ಯಾರು ಸತ್ತರೂ ಅದೇ ಪಟ್ಟಿ. ಮಾಡಿದವರಿಗೂ ಅದೇ, ಮಾಡದವರಿಗೂ ಅದೇ. ಹೆತ್ತೆಯ ದಿನವೂ ನಾನು ಅದನ್ನು ಕೇಳಿರಬೇಕು. ಅಂದು ಅತ್ತೂ ಅತ್ತೂ ನನ್ನ ಕಿವಿಗೆ ಏನೂ ಇಳಿದಿರಲಿಲ್ಲ.

ಹಾವು ಕೊಂದದ್ದು, ಗಡಿಯ ಕಲ್ಲು ಸರಿಸಿದ್ದು, ಅಣ್ಣತಮ್ಮಂದಿರ ನಡುವೆ ಚಾಡಿ ಹೇಳಿದ್ದು. ಒಂದೊಂದಕ್ಕೂ ನಾನೂ ಎಲ್ಲರ ಜೊತೆ ದನಿಗೂಡಿಸುತ್ತಿದ್ದೆ. ಸಣ್ಣ ಮಳೆ ಬೀಳುತ್ತಿತ್ತು. ಯಾರೋ ಮಾಮಿಯ ಮುಖದ ಮೇಲೆ ಕೊಡೆ ಹಿಡಿದಿದ್ದರು. ಆಗ ಹಿರಿಯರು, ಬೆಳೆಯುವ ಹಸಿರನ್ನು ಬೇರುಸಹಿತ ಕಿತ್ತು ಬಿಸಿಲಿಗೆ ಒಣಹಾಕಿದವಳು ಇವಳು ಎಂದರು. ಜನ ಪಾಪ ಎಂದರು. ಮುಂದೆ ಕೂತಿದ್ದ ಇಬ್ಬರು ಮುದುಕಿಯರು ಒಬ್ಬರನ್ನೊಬ್ಬರು ನೋಡಿಕೊಂಡು ತಲೆಯಾಡಿಸಿದರು. ಅವರಿಗೆ ಇನ್ನೂ ನೆನಪಿತ್ತು. ನನ್ನ ಬಾಯಿಂದ ಆ ಪದ ಬರಲಿಲ್ಲ. ಬೇರೆಯದು ಬಂತು. "ಅದು ಅವಳಲ್ಲ. ನಾ ಕಿತ್ತದು. ನಾ ಕಿತ್ತದು" ಎಂದು ಕೂಗಿದೆ. ಮೆಲ್ಲಗೆ ಹೇಳಲಿಲ್ಲ, ಬಯಲಿಗೆಲ್ಲ ಕೇಳುವಂತೆ ಕೂಗಿದೆ. ಪಕ್ಕದ ಹೆಂಗಸು ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. "ಅಳು ಕೂಸು, ಅಳು. ಸಾಕಿದವಳು ಹೋದರ ಬಾಯಿಗ ಏನೇನೋ ಬರುತ್ತ" ಎಂದು ಬೆನ್ನು ಸವರಿದಳು. ಆ ಮುದುಕಿಯರೂ ಮರುಕದಿಂದ ನನ್ನ ಕಡೆ ನೋಡಿದರು. ಹಿರಿಯರು ನಿಲ್ಲಿಸಲಿಲ್ಲ, ನಡುವೆ ನಿಲ್ಲಿಸುವ ಪದ್ಧತಿಯಿಲ್ಲ. ಮುಂದಿನದಕ್ಕೆ ಹೋದರು, ಅದಕ್ಕೂ ಜನ ದನಿಗೂಡಿಸಿದರು. ಕೊನೆಗೆ, ಇವಳದೆಲ್ಲ ತೀರಿತು, ದಾರಿ ತೆರೆಯಲಿ ಎಂದು ಹರಸಿದರು. ಗಂಡಸರು ಮಂಚ ಎತ್ತಿದರು. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಜಾರದಂತೆ ಹೆಜ್ಜೆ ನೋಡಿ ನೋಡಿ ಇಳಿದರು. ನಾನು ಮೇಲೆಯೇ ನಿಂತಿದ್ದೆ. ನನ್ನದನ್ನೂ ಹೊತ್ತುಕೊಂಡೇ ಮಾಮಿ ಹೋದಳು.